ಸುಳ್ಳಿಲ್ಲದ ಮೋಸ

1966ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ದಿವಾಳಿ ಪ್ರಕರಣದ ವಿಚಾರಣೆ ನಡೆಯಿತು. ಪ್ರಮಾಣ ಮಾಡಿ ಸಾಕ್ಷಿ ಹೇಳಲು ಕುಳಿತಿದ್ದವರು ಸ್ಯಾಮ್ಯುಯೆಲ್ ಬ್ರಾನ್‌ಸ್ಟನ್. ‘ಎಲ್ ಸಿಡ್’ನಂಥ ಭಾರಿ ವೆಚ್ಚದ ಚಿತ್ರಗಳನ್ನು ತೆಗೆದ ನಿರ್ಮಾಪಕ. ಸ್ವಿಸ್ ಬ್ಯಾಂಕಿನಲ್ಲಿ ನಿಮ್ಮ ಖಾತೆ ಇದೆಯೇ ಎಂದು ಸಾಲ ಕೊಟ್ಟವರ ಪರ ವಕೀಲರು ಕೇಳಿದರು. ಇಲ್ಲ ಎಂದರು ಬ್ರಾನ್‌ಸ್ಟನ್. ಹಿಂದೆ ಯಾವತ್ತಾದರೂ ಇತ್ತೇ? ಕಂಪನಿಯದೊಂದು ಖಾತೆ ಜ್ಯೂರಿಕ್‌ನಲ್ಲಿ ಸುಮಾರು ಆರು ತಿಂಗಳು ಇತ್ತು ಎಂದು ಉತ್ತರ ಬಂತು. ವಕೀಲರು ಅಷ್ಟಕ್ಕೇ ತೃಪ್ತರಾಗಿ ಮುಂದಿನ ವಿಷಯಕ್ಕೆ ಹೋದರು.

ಎರಡು ಉತ್ತರಗಳೂ ನಿಜ. ಆ ದಿನ ಅವರ ಹೆಸರಿನಲ್ಲಿ ಅಲ್ಲಿ ಖಾತೆ ಇರಲಿಲ್ಲ, ಕಂಪನಿಯ ಖಾತೆ ಇದ್ದದ್ದೂ ಹೌದು. ಅವರು ಹೇಳದೆ ಬಿಟ್ಟದ್ದು, ಜಿನೀವಾದಲ್ಲಿ ಸುಮಾರು ಐದು ವರ್ಷ ಅವರ ಸ್ವಂತ ಖಾತೆಯೇ ಇತ್ತು ಎಂಬುದನ್ನು. ಕೆಳಗಿನ ನ್ಯಾಯಾಲಯ ಸುಳ್ಳು ಸಾಕ್ಷ್ಯದ ಅಪರಾಧಿ ಎಂದು ತೀರ್ಮಾನಿಸಿತು. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ತೀರ್ಮಾನವನ್ನು ಒಮ್ಮತದಿಂದ ರದ್ದು ಮಾಡಿತು. ಆಡಿದ ಮಾತು ಅಕ್ಷರಶಃ ನಿಜವಾಗಿದ್ದರೆ ಅದು ಸುಳ್ಳು ಸಾಕ್ಷ್ಯವಾಗದು, ಉತ್ತರ ಜಾರಿಕೊಂಡಿತು ಎನಿಸಿದರೆ ಮತ್ತೆ ಕೇಳಿ ಹಿಡಿಯುವುದು ವಕೀಲರ ಕೆಲಸ ಎಂಬುದು ಮುಖ್ಯ ನ್ಯಾಯಮೂರ್ತಿ ವಾರನ್ ಬರ್ಗರ್ ಬರೆದ ತೀರ್ಪಿನ ಸಾರ.

ನಮ್ಮಲ್ಲಿ ಮದುವೆ ಮಾತುಕತೆಗೆ ಕೂತವರಿಗೆ ಈ ಜಾಣತನ ಹೊಸದಲ್ಲ. ಹೆಣ್ಣಿನ ತಂದೆ ದಲ್ಲಾಳಿಯನ್ನು ಪಕ್ಕಕ್ಕೆ ಕರೆದು, ‘ಹುಡುಗ ಕುಡೀತಾನೇನಪ್ಪಾ? ಇದ್ದದ್ದನ್ನ ಇದ್ದ ಹಾಗೆ ಹೇಳು’ ಅನ್ನುತ್ತಾರೆ. ‘ಎಂಥ ಮಾತು ಆಡ್ತೀರಿ ಯಜಮಾನ್ರೇ! ಅವರಪ್ಪ ಈ ವಯಸ್ಸಿನವರೆಗೂ ಒಂದು ಬೀಡಿ ಮುಟ್ಟಿದವರಲ್ಲ. ಬೇಕಾದ್ರೆ ಊರಲ್ಲಿ ಯಾರನ್ನಾದ್ರೂ ಕೇಳಿ ನೋಡಿ’ ಎಂದು ದಲ್ಲಾಳಿ ಎದೆ ತಟ್ಟಿಕೊಳ್ಳುತ್ತಾನೆ. ಊರಲ್ಲಿ ವಿಚಾರಿಸಿದರೂ ಅದೇ ಉತ್ತರ ಸಿಗುತ್ತದೆ, ಏಕೆಂದರೆ ಅದು ನಿಜ. ಕೇಳಿದ್ದು ಮಗನ ವಿಚಾರ, ಹೇಳಿದ್ದು ಅಪ್ಪನ ವಿಚಾರ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆ ನಮಗೆಲ್ಲ ಗೊತ್ತು. ಪಳಗಿದ ದಲ್ಲಾಳಿಗೆ ಒಂದು ಸುಳ್ಳೂ ಬೇಕಾಗುವುದಿಲ್ಲ.

ಒಂದೂ ಸುಳ್ಳಾಡದೆ ಎದುರಿಗಿದ್ದವರು ಸುಳ್ಳನ್ನು ನಂಬುವಂತೆ ಮಾಡುವುದು, ಸುಳ್ಳು ಹೇಳುವುದಕ್ಕಿಂತ ಹಗುರವಾದ ತಪ್ಪೇ? ಕವಿಗಳು, ಪಾದ್ರಿಗಳು, ತತ್ವಜ್ಞಾನಿಗಳು, ನ್ಯಾಯಾಧೀಶರು ಬಹುಕಾಲದಿಂದ ಈ ಪ್ರಶ್ನೆಯ ಜೊತೆ ಗುದ್ದಾಡಿದ್ದಾರೆ. ಅವರ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ. ಅವುಗಳನ್ನೆಲ್ಲ ಓದಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಹೇಳುವವನನ್ನು ನಂಬದೆ ಕೇಳುವವನಿಗೆ ಬೇರೆ ದಾರಿಯೇ ಇಲ್ಲದ ಕಡೆ ಈ ತಪ್ಪು ಸುಳ್ಳಿಗಿಂತ ಎಳ್ಳಷ್ಟೂ ಹಗುರವಲ್ಲ. ಕೆಲವೊಮ್ಮೆ ಅದಕ್ಕಿಂತ ಭಾರವೂ ಹೌದು.

ಕುರುಕ್ಷೇತ್ರದ ಹದಿನೈದನೆಯ ದಿನದ ಪ್ರಸಂಗ ಎಲ್ಲರಿಗೂ ಗೊತ್ತಿರುವುದರಿಂದಲೇ ಅದರ ಒಂದು ಸಂಗತಿ ನಮ್ಮ ಕಣ್ಣು ತಪ್ಪಿಸುತ್ತದೆ. ಅಶ್ವತ್ಥಾಮ ಎಂಬ ಆನೆಯನ್ನು ಕೊಂದ ಭೀಮ, ಅಶ್ವತ್ಥಾಮ ಸತ್ತ ಎಂದು ದ್ರೋಣನಿಗೆ ಕೇಳುವಂತೆ ಮೊದಲು ಕೂಗಿದ. ಅದೂ ನಿಜವಾದ ಮಾತೇ. ಮಗ ಸತ್ತನೆಂದು ದ್ರೋಣ ನಂಬಲಿಲ್ಲ. ಮೂರು ಲೋಕದ ಒಡೆತನ ಕೊಟ್ಟರೂ ಸುಳ್ಳಾಡದವನೆಂದು ಧರ್ಮರಾಯನನ್ನು ಹುಡುಕಿಕೊಂಡು ಬಂದು ಕೇಳಿದ. ಧರ್ಮರಾಯ ‘ಅಶ್ವತ್ಥಾಮ ಸತ್ತ’ ಎಂಬುದನ್ನು ಗಟ್ಟಿಯಾಗಿಯೂ ‘ಆನೆ’ ಎಂಬುದನ್ನು ಅಸ್ಪಷ್ಟವಾಗಿಯೂ ಹೇಳಿದ. ಭೀಮ ಕೂಗಿ ಆಗದ ಕೆಲಸ ಧರ್ಮರಾಯ ಹೇಳಿದೊಡನೆ ಆಯಿತು. ದ್ರೋಣನ ಕೈಯಿಂದ ಆಯುಧ ಕೆಳಗೆ ಬೀಳುವಂತೆ ಮಾಡಿದ್ದು ಧರ್ಮರಾಯ ಅದುವರೆಗೆ ಬಾಳಿದ ಸತ್ಯದ ಬದುಕು. ಸುಳ್ಳುಗಾರನೆಂದು ಹೆಸರಾದವನಿಂದ ಈ ಬಗೆಯ ಮೋಸ ಸಾಧ್ಯವಿಲ್ಲ. ಸತ್ಯವಂತನೆಂಬ ಹೆಸರು ಇದ್ದವನಿಗೆ ಮಾತ್ರ ಸಾಧ್ಯ. ಈ ತಪ್ಪನ್ನು ಸುಳ್ಳಿಗಿಂತ ಭಾರ ಎಂದು ನಾನು ಅಂದುಕೊಳ್ಳುವುದು ಈ ಕಾರಣಕ್ಕೆ.

ವ್ಯಾಸಭಾರತ ಧರ್ಮರಾಯನಿಗೆ ಮಾತಿನ ಲೆಕ್ಕಾಚಾರದ ರಿಯಾಯಿತಿ ಕೊಡುವುದಿಲ್ಲ. ನೆಲದಿಂದ ನಾಲ್ಕು ಬೆರಳು ಮೇಲಿದ್ದ ಅವನ ರಥ ಆ ಕ್ಷಣವೇ ನೆಲ ಮುಟ್ಟುತ್ತದೆ. ಕೊನೆಯ ಸ್ವರ್ಗಾರೋಹಣ ಪರ್ವದಲ್ಲಿ ಅವನು ನರಕವನ್ನು ಕಣ್ಣಾರೆ ಕಾಣಬೇಕಾಗುತ್ತದೆ. ಮಗನ ವಿಷಯದಲ್ಲಿ ದ್ರೋಣನನ್ನು ನೆಪಮಾತ್ರದ ಮಾತಿನಿಂದ ವಂಚಿಸಿದ್ದಕ್ಕೆ ನಿನಗೆ ನೆಪಮಾತ್ರದ ನರಕವನ್ನು ತೋರಿಸಿದ್ದು ಎಂದು ಇಂದ್ರ ಕಾರಣ ಕೊಡುತ್ತಾನೆ. ‘ಆನೆ ಎಂದೂ ಹೇಳಿದ್ದೆನಲ್ಲ’ ಎಂಬ ಸಮರ್ಥನೆಗೆ ಆ ಕಾವ್ಯದಲ್ಲಿ ಜಾಗವಿಲ್ಲ.

ಧರ್ಮರಾಯ ಮೆಲ್ಲಗೆ ಅಂದದ್ದನ್ನು ಯುರೋಪಿನ ಕೆಲವು ಪಾದ್ರಿಗಳು ಮನಸ್ಸಿನೊಳಗೇ ಅಂದುಕೊಂಡರು. ಹದಿನಾರು, ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಕ್ಯಾಥೊಲಿಕ್ ಪಾದ್ರಿಗಳು ತಲೆಮರೆಸಿಕೊಂಡು ಬದುಕಬೇಕಿತ್ತು. ಸಿಕ್ಕಿಬಿದ್ದಾಗ ಏನು ಹೇಳಬೇಕು? ಸುಳ್ಳಾಡಿದರೆ ಪಾಪ, ನಿಜ ಹೇಳಿದರೆ ಆಶ್ರಯ ಕೊಟ್ಟ ಮನೆಯವರಿಗೆ ಗಲ್ಲು. ವಾಕ್ಯದ ಅರ್ಧವನ್ನು ಬಾಯಲ್ಲಿ ಹೇಳಿ ಉಳಿದರ್ಧವನ್ನು ಮನಸ್ಸಿನಲ್ಲಿ ಮುಗಿಸಿದರೆ, ದೇವರಿಗೆ ಪೂರ್ತಿ ವಾಕ್ಯ ಕೇಳಿಸುವುದರಿಂದ ಅದು ಸುಳ್ಳಾಗದು ಎಂಬ ಸಿದ್ಧಾಂತ ಹುಟ್ಟಿತು. ದ್ವಂದ್ವಾರ್ಥದ ಮಾತನ್ನು ಸಮರ್ಥಿಸಿ ಗ್ರಂಥ ಬರೆದ ಜೆಸ್ಯುಟ್ ಪಾದ್ರಿ ಹೆನ್ರಿ ಗಾರ್ನೆಟ್‌ರನ್ನು ದೊರೆಯನ್ನು ಕೊಲ್ಲಲು ನಡೆದ ಗನ್‌ಪೌಡರ್ ಒಳಸಂಚಿನ ನಂತರ, 1606ರಲ್ಲಿ ಗಲ್ಲಿಗೇರಿಸಿದರು. ಫ್ರಾನ್ಸಿನಲ್ಲಿ ಚಿಂತಕ ಪ್ಯಾಸ್ಕಲ್ 1656–57ರಲ್ಲಿ ಬರೆದ ಪತ್ರಗಳಲ್ಲಿ ಈ ಸಿದ್ಧಾಂತವನ್ನು ಹಿಗ್ಗಾಮುಗ್ಗಾ ಝಾಡಿಸಿದರು. 1679ರಲ್ಲಿ ಪೋಪ್ ಹನ್ನೊಂದನೆಯ ಇನ್ನೊಸೆಂಟ್ ಅದನ್ನು ಖಂಡಿಸಿದರು. ಜೀವ ಕೈಯಲ್ಲಿ ಹಿಡಿದುಕೊಂಡಿದ್ದ ಆ ಪಾದ್ರಿಗಳ ಬಗ್ಗೆ ನನಗೆ ಮರುಕವಿದೆ. ಆದರೆ ಕೇಳುಗನನ್ನು ಪೂರ್ತಿ ಹೊರಗಿಟ್ಟು ದೇವರ ಜೊತೆ ಮಾತ್ರ ಸತ್ಯ ಆಡುವುದೆಂದರೆ ಮಾತೆಂಬುದಕ್ಕೇ ಅರ್ಥ ಉಳಿಯುವುದಿಲ್ಲ.

ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಅವರದು ಇನ್ನೂ ಕುತೂಹಲದ ಪ್ರಕರಣ. ಮನೆಯಲ್ಲಿ ಅಡಗಿರುವ ಗೆಳೆಯನನ್ನು ಹುಡುಕಿಕೊಂಡು ಬಂದ ಕೊಲೆಗಾರನಿಗೂ ಸುಳ್ಳು ಹೇಳಬಾರದು ಎಂದು 1797ರಲ್ಲಿ ಪ್ರಬಂಧ ಬರೆದ ಕಡುನಿಷ್ಠುರಿ ಅವರು. ಅದಕ್ಕೆ ಮೂರು ವರ್ಷ ಮೊದಲು, ಧರ್ಮದ ಕುರಿತು ಬರೆದದ್ದಕ್ಕಾಗಿ ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕ್ ವಿಲಿಯಂ ಕಾಂಟ್ ಅವರಿಗೆ ಛೀಮಾರಿ ಹಾಕಿದ್ದ. ದೊರೆಯ ಅತ್ಯಂತ ನಿಷ್ಠ ಪ್ರಜೆಯಾಗಿ ಇನ್ನು ಧರ್ಮದ ಬಗ್ಗೆ ಬಹಿರಂಗವಾಗಿ ಏನನ್ನೂ ಹೇಳುವುದಿಲ್ಲ ಎಂದು ಕಾಂಟ್ ಬರೆದುಕೊಟ್ಟರು. 1797ರಲ್ಲಿ ದೊರೆ ತೀರಿಕೊಂಡ. ಮರುವರ್ಷ ಪ್ರಕಟಿಸಿದ ಪುಸ್ತಕದ ಮುನ್ನುಡಿಯಲ್ಲಿ ಕಾಂಟ್ ಗುಟ್ಟು ಬಿಟ್ಟುಕೊಟ್ಟರು: ಆ ಪದಗಳನ್ನು ಬೇಕೆಂದೇ ಆರಿಸಿದ್ದು, ತಾವು ಪ್ರಜೆಯಾಗಿದ್ದದ್ದು ಆ ದೊರೆಗೆ, ಅವನ ಆಯುಷ್ಯ ಮುಗಿದ ಮೇಲೆ ಮಾತಿನ ಕಟ್ಟೂ ಮುಗಿಯಿತು. ಪ್ರಜೆಯ ಲೇಖನಿಯನ್ನು ಕಟ್ಟಿಹಾಕಲು ಆ ದೊರೆಗೆ ಅಧಿಕಾರವಿತ್ತೇ ಹೊರತು ನ್ಯಾಯವಾದ ಹಕ್ಕಿರಲಿಲ್ಲ. ಆದ್ದರಿಂದ ಕಾಂಟ್ ಮಾಡಿದ್ದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಹಕ್ಕಿಲ್ಲದ ದೊರೆಯ ವಿಷಯದಲ್ಲಿ ಒಂದು ದಾರಿ ಹುಡುಕಿಕೊಂಡವರು, ಹಕ್ಕಿಲ್ಲದ ಕೊಲೆಗಾರನ ಮುಂದೆ ಅಷ್ಟು ಬಿಗಿಯಾಗಿ ನಿಂತದ್ದು ಸರಿ ಕಾಣುವುದಿಲ್ಲ. ತಪ್ಪು ಒಪ್ಪುಗಳ ಗೆರೆ ಸುಳ್ಳು ಮತ್ತು ಜಾರುವ ಸತ್ಯದ ನಡುವೆ ಇದೆ ಎಂದು ಅವರು ನಂಬಿದ್ದರು. ಅದು ಅಲ್ಲಿಲ್ಲ.

ಈ ಮೋಸ ಹೇಗೆ ನಡೆಯುತ್ತದೆ ಎಂಬುದನ್ನು ಬಿಡಿಸಿ ತೋರಿಸಿದವರು ಬ್ರಿಟಿಷ್ ತತ್ವಜ್ಞಾನಿ ಪಾಲ್ ಗ್ರೈಸ್. 1967ರಲ್ಲಿ ಹಾರ್ವರ್ಡ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಅವರು ಹೇಳಿದ್ದು, ಮಾತುಕತೆ ಒಂದು ಸಹಕಾರದ ಕೆಲಸ ಎಂದು. ಎದುರಿನವರು ಕೇಳಿದ್ದಕ್ಕೆ ತಕ್ಕದ್ದನ್ನು, ಬೇಕಾದಷ್ಟನ್ನು ಹೇಳುತ್ತಿದ್ದಾರೆ ಎಂದು ಇಬ್ಬರೂ ಒಪ್ಪಿಕೊಂಡೇ ಮಾತಿಗೆ ಇಳಿಯುತ್ತಾರೆ. ತತ್ವಶಾಸ್ತ್ರದ ಹುದ್ದೆಗೆ ಶಿಷ್ಯನೊಬ್ಬನ ಪರ ಶಿಫಾರಸು ಪತ್ರ ಬರೆಯುವ ಗುರು, ಹುಡುಗನ ಇಂಗ್ಲಿಷ್ ಚೆನ್ನಾಗಿದೆ, ತರಗತಿಗೆ ತಪ್ಪದೆ ಬರುತ್ತಾನೆ ಎಂದಷ್ಟೇ ಬರೆದು ಸಹಿ ಹಾಕಿದರೆ, ಓದಿದವರು ಅವನಿಗೆ ತತ್ವಶಾಸ್ತ್ರ ಬರುವುದಿಲ್ಲ ಎಂದು ತಾವೇ ತಿಳಿದುಕೊಳ್ಳುತ್ತಾರೆ. ಹೇಳದ ಮಾತು ಕೇಳಿಸುವುದು ಹೀಗೆ. ದಲ್ಲಾಳಿ ‘ಅವರಪ್ಪ ಬೀಡಿ ಮುಟ್ಟಿಲ್ಲ’ ಎಂದಾಗ, ಕೇಳಿದ್ದಕ್ಕೇ ಉತ್ತರ ಕೊಡುತ್ತಿದ್ದಾನೆಂದು ನಂಬಿ ಹೆಣ್ಣಿನ ತಂದೆ ಉಳಿದದ್ದನ್ನು ತಾವೇ ತುಂಬಿಕೊಳ್ಳುತ್ತಾರೆ. ಅವರು ದಡ್ಡರಾದ್ದರಿಂದ ಹಾಗೆ ಮಾಡಿದ್ದಲ್ಲ, ಮನುಷ್ಯರ ಹಾಗೆ ಮಾತು ಕೇಳಿದ್ದರಿಂದ. ಮುಂದೆ ಸಂಸಾರ ಕೆಟ್ಟಾಗ ‘ನಾನೇ ಸರಿಯಾಗಿ ವಿಚಾರಿಸಬೇಕಿತ್ತು’ ಎಂದು ಅವರು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ನೇರ ಸುಳ್ಳಿಗೆ ಮೋಸಹೋದವನಿಗೆ ಬೈಯಲು ಒಬ್ಬ ಸುಳ್ಳುಗಾರನಾದರೂ ಸಿಗುತ್ತಾನೆ.

2017ರಲ್ಲಿ ಹಾರ್ವರ್ಡ್‌ನ ಟಾಡ್ ರೋಜರ್ಸ್ ಮತ್ತು ಜೊತೆಗಾರರು ವ್ಯಾಪಾರದ ಚೌಕಾಸಿಯಲ್ಲಿ ನಡೆಯುವ ಇಂಥ ಮಾತುಗಳನ್ನು ಪರೀಕ್ಷಿಸಿ ಒಂದು ಅಧ್ಯಯನ ಪ್ರಕಟಿಸಿದರು. ಅವರು ಪ್ರಶ್ನಿಸಿದ ಹಿರಿಯ ಉದ್ಯೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ತಾವು ಹೀಗೆ ಮಾಡಿದ್ದುಂಟು ಎಂದು ಒಪ್ಪಿಕೊಂಡರು. ನಿಜವನ್ನೇ ಬಳಸಿ ದಾರಿ ತಪ್ಪಿಸಿದವರು ಇದು ಸುಳ್ಳಿಗಿಂತ ಎಷ್ಟೋ ಮೇಲು ಎಂದುಕೊಂಡರು. ದಾರಿ ತಪ್ಪಿದವರಿಗೆ ವಿಷಯ ತಿಳಿದಾಗ ಇದೂ ಸುಳ್ಳೂ ಒಂದೇ ಎನಿಸಿತು. ಇದು ಹಗುರವೆಂದು ತೋರುವುದು ಮಾಡಿದವರಿಗೆ ಮಾತ್ರ.

ಇದಕ್ಕೆ ಹೊರತಾದ ಸಂದರ್ಭಗಳಿಲ್ಲವೇ? ಇವೆ. ನೈಲ್ ನದಿಯಲ್ಲಿ ದೋಣಿಯೇರಿ ತಪ್ಪಿಸಿಕೊಳ್ಳುತ್ತಿದ್ದ ಸಂತ ಅಥನೇಷಿಯಸ್‌ನನ್ನು, ಬೆನ್ನಟ್ಟಿ ಬಂದ ಸೈನಿಕರು ಗುರುತು ಹಿಡಿಯದೆ ‘ಅಥನೇಷಿಯಸ್ ಎಲ್ಲಿ’ ಎಂದು ಕೇಳಿದರಂತೆ. ‘ದೂರವೇನಿಲ್ಲ, ಬೇಗ ಹೋಗಿ’ ಎಂದು ಅವನೇ ಉತ್ತರಿಸಿದನೆಂದು ಕ್ರೈಸ್ತ ಪರಂಪರೆಯ ಕತೆ. ಅವನನ್ನು ಹಿಡಿಯುವ ಹಕ್ಕು ಅವರಿಗಿರಲಿಲ್ಲ, ಅವನನ್ನು ನಂಬಿ ಬದುಕು ಒಪ್ಪಿಸಿದವರೂ ಅವರಲ್ಲ. ಎಷ್ಟು ಸಂಬಳ, ಮಗು ಯಾವಾಗ ಎಂದು ಕೆದಕುವ ನೆಂಟರಿಗೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಉತ್ತರ ಕೊಟ್ಟರೆ ಯಾರಿಗೂ ಅನ್ಯಾಯವಾಗುವುದಿಲ್ಲ. ತಮ್ಮ ಗುಟ್ಟನ್ನು ಕಾಪಾಡಿಕೊಳ್ಳುವುದು ಬೇರೆ, ಇನ್ನೊಬ್ಬರ ಹಣ, ಆರೋಗ್ಯ, ಬಾಳಿನ ತೀರ್ಮಾನವನ್ನು ಕದ್ದು ತಾವೇ ಮಾಡಿಬಿಡುವುದು ಬೇರೆ.

ಈ ವ್ಯತ್ಯಾಸವನ್ನು ತತ್ವಜ್ಞಾನಿಗಳಿಗಿಂತ ಚೆನ್ನಾಗಿ ಹೇಳಿದ್ದು, ನನ್ನ ಪ್ರಕಾರ, 1872ರ ನಮ್ಮ ಕರಾರು ಕಾಯಿದೆ. ಅದರ 17ನೇ ಕಲಮಿನ ಕೆಳಗೆ ಒಂದು ಕುದುರೆಯ ಉದಾಹರಣೆಗಳಿವೆ. ಕುದುರೆಗೆ ಐಬಿದೆ ಎಂದು ಮಾರುವವನಿಗೆ ಗೊತ್ತು. ಹರಾಜಿನಲ್ಲಿ ಅಪರಿಚಿತನೊಬ್ಬನಿಗೆ ಮಾರುವಾಗ ಅವನು ಏನೂ ಹೇಳದೆ ಸುಮ್ಮನಿದ್ದರೆ ಅದು ವಂಚನೆಯಲ್ಲ. ಆದರೆ ಕೊಳ್ಳುತ್ತಿರುವವಳು ಆಗತಾನೇ ಪ್ರಾಯಕ್ಕೆ ಬಂದ ಅವನ ಮಗಳಾಗಿದ್ದರೆ, ಐಬನ್ನು ಹೇಳುವುದು ಅವನ ಕರ್ತವ್ಯ. ಇನ್ನು ಕೊಳ್ಳುವವನು, ‘ನೀವು ಇಲ್ಲ ಅನ್ನದಿದ್ದರೆ ಕುದುರೆ ಚೆನ್ನಾಗಿದೆ ಅಂತಲೇ ತಿಳಿಯುತ್ತೇನೆ’ ಎಂದಾಗ ಸುಮ್ಮನಿದ್ದರೆ, ಆ ಮೌನವೇ ಮಾತು. ಕುದುರೆ ಅದೇ, ಮೌನವೂ ಅದೇ. ಬದಲಾದದ್ದು ಇಬ್ಬರ ನಡುವಿನ ನಂಬಿಕೆ ಮಾತ್ರ. ದಂಡಸಂಹಿತೆಯೂ ಇದೇ ದಾರಿಯದು. ಅಪ್ರಾಮಾಣಿಕವಾಗಿ ಸಂಗತಿಯನ್ನು ಬಚ್ಚಿಡುವುದೂ ವಂಚನೆಯೇ ಎಂಬ ವಿವರಣೆ ಹಳೆಯ 415ನೇ ಕಲಮಿನಲ್ಲಿತ್ತು, ಈಗಿನ ಭಾರತೀಯ ನ್ಯಾಯ ಸಂಹಿತೆಯ 318ರಲ್ಲೂ ಇದೆ. ಹಿಂದೂ ವಿವಾಹ ಕಾಯಿದೆಯ 12ನೇ ಕಲಮಿನ ಪ್ರಕಾರ, ವರ ಅಥವಾ ವಧುವಿನ ಬಗ್ಗೆ ಮುಖ್ಯ ಸಂಗತಿಯಲ್ಲಿ ವಂಚಿಸಿ ಒಪ್ಪಿಗೆ ಪಡೆದಿದ್ದರೆ ಮದುವೆಯನ್ನೇ ರದ್ದುಗೊಳಿಸಲು ಕೋರಬಹುದು.

ಬ್ರಾನ್‌ಸ್ಟನ್ ತೀರ್ಪಿನ ಪಕ್ಕದಲ್ಲಿ ನಮ್ಮ ಸುಪ್ರೀಂ ಕೋರ್ಟ್ 1993ರಲ್ಲಿ ಚೆಂಗಲ್ವರಾಯ ನಾಯ್ಡು ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಇಟ್ಟು ಓದಬೇಕು. ಆಸ್ತಿ ವಿಭಾಗಕ್ಕಾಗಿ ದಾವೆ ಹೂಡಿದಾತ ಆ ಆಸ್ತಿಯ ಹಕ್ಕನ್ನು ಹಿಂದೆಯೇ ಬಿಡುಗಡೆ ಪತ್ರದ ಮೂಲಕ ಬಿಟ್ಟುಕೊಟ್ಟಿದ್ದ. ಆ ಪತ್ರವನ್ನು ನ್ಯಾಯಾಲಯಕ್ಕೆ ತೋರಿಸಲಿಲ್ಲ. ಅದನ್ನು ಹೊರಗೆ ತರುವುದು ಎದುರು ಪಕ್ಷದ ಹೊಣೆ ಎಂಬ ಧಾಟಿಯಲ್ಲಿ ಹೈಕೋರ್ಟ್ ಹೇಳಿತ್ತು. ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ, ಮುಖ್ಯ ದಾಖಲೆಯನ್ನು ಮುಚ್ಚಿಡುವುದು ನ್ಯಾಯಾಲಯಕ್ಕೇ ಮಾಡಿದ ವಂಚನೆ ಎಂದಿತು. ಒಂದು ಕ್ರಿಮಿನಲ್ ಪ್ರಕರಣ, ಇನ್ನೊಂದು ಸಿವಿಲ್. ಜೈಲಿಗೆ ಕಳಿಸುವಾಗ ಕಾನೂನು ಅಕ್ಷರಕ್ಕೆ ಅಂಟಿಕೊಳ್ಳುವುದು ನ್ಯಾಯವೇ. ಆದರೂ ನ್ಯಾಯ ಕೇಳಲು ಬಂದವನು ಪೂರ್ತಿ ಸತ್ಯ ತರಬೇಕೆಂಬ ನಮ್ಮ ಕೋರ್ಟಿನ ಮಾತು ನನಗೆ ಹೆಚ್ಚು ಒಪ್ಪಿಗೆ. 1969ರ ಪ್ರಮಾಣ ಕಾಯಿದೆಯೂ ಸಾಕ್ಷಿಯಿಂದ ಬರೀ ಸತ್ಯವನ್ನು ಕೇಳುವುದಿಲ್ಲ, ಸಂಪೂರ್ಣ ಸತ್ಯವನ್ನು ಕೇಳುತ್ತದೆ.

ಅಕ್ಷರಕ್ಕೆ ಅಂಟಿಕೊಳ್ಳದೆಯೂ ಜೈಲಿಗೆ ಕಳಿಸಿದ ಪ್ರಸಿದ್ಧ ಪ್ರಕರಣ ಬ್ರಿಟನ್ನಿನ ಲಾರ್ಡ್ ಕಿಲ್ಸಾಂಟ್‌ರದು. ಟೈಟಾನಿಕ್ ಹಡಗು ಕಟ್ಟಿಸಿದ್ದ ವೈಟ್ ಸ್ಟಾರ್ ಲೈನನ್ನೂ 1927ರಲ್ಲಿ ಕೊಂಡುಕೊಂಡಿದ್ದ ರಾಯಲ್ ಮೇಲ್ ಹಡಗು ಕಂಪನಿಯ ಅಧ್ಯಕ್ಷ ಅವರು. 1928ರಲ್ಲಿ ಕಂಪನಿ 20 ಲಕ್ಷ ಪೌಂಡಿನ ಡಿಬೆಂಚರ್ (ಸಾಲಪತ್ರ) ಹೊರಡಿಸಿ, ಹಿಂದಿನ ವರ್ಷಗಳಲ್ಲಿ ಹಂಚಿದ ಲಾಭಾಂಶದ ವಿವರವನ್ನು ಪ್ರಾಸ್ಪೆಕ್ಟಸ್‌ನಲ್ಲಿ ಅಚ್ಚುಹಾಕಿಸಿತು. ಅಂಕಿಗಳೆಲ್ಲ ಸರಿಯಾಗಿದ್ದವು, ಅಷ್ಟು ಲಾಭಾಂಶವನ್ನು ಕಂಪನಿ ಹಂಚಿದ್ದೂ ನಿಜ. ಆದರೆ 1921ರಿಂದ ಹಡಗಿನ ವ್ಯವಹಾರ ನಷ್ಟದಲ್ಲಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಗಳಿಸಿ ಗುಟ್ಟಾಗಿ ಕೂಡಿಟ್ಟಿದ್ದ ನಿಧಿಯನ್ನು ತೆಗೆತೆಗೆದು ಲಾಭಾಂಶ ಕೊಡುತ್ತಿದ್ದರು. ಪ್ರಾಸ್ಪೆಕ್ಟಸ್ ಓದಿದವರು ಕಂಪನಿ ಗಟ್ಟಿಯಾಗಿದೆಯೆಂದು ನಂಬಿದರು. ಪ್ರತಿಯೊಂದು ವಾಕ್ಯವೂ ನಿಜವಿರಬಹುದು, ಆದರೆ ಬಿಟ್ಟದ್ದರಿಂದಾಗಿ ಒಟ್ಟು ದಾಖಲೆ ಸುಳ್ಳು ಎಂದು ನ್ಯಾಯಾಲಯ ಕಂಡಿತು. 1931ರಲ್ಲಿ ಕಿಲ್ಸಾಂಟ್‌ಗೆ ಹನ್ನೆರಡು ತಿಂಗಳ ಸಜೆಯಾಯಿತು, ಮೇಲ್ಮನವಿಯೂ ಬಿದ್ದುಹೋಯಿತು. ಮಾತನ್ನು ಬಿಡಿಬಿಡಿಯಾಗಿ ತೂಗದೆ ಒಟ್ಟಾಗಿ ತೂಗಬೇಕು ಎಂಬ ಈ ತತ್ವ ದಿನಪತ್ರಿಕೆಗೂ ಚುನಾವಣಾ ಭಾಷಣಕ್ಕೂ ಅನ್ವಯಿಸಬೇಕು ಎಂದು ನಾನು ಬಯಸುತ್ತೇನೆ. ಐದು ವರ್ಷ ಹಿಂದಿನ ಗಲಭೆಯ ಅಸಲಿ ವಿಡಿಯೊವನ್ನು ಇವತ್ತಿನ ಸುದ್ದಿಯ ಪಕ್ಕ ಇಟ್ಟರೆ ಆ ವಿಡಿಯೊದಲ್ಲಿ ಒಂದು ಫ್ರೇಮೂ ಸುಳ್ಳಿರುವುದಿಲ್ಲ. ಊರಿಗೆ ಬೆಂಕಿ ಬೀಳಲು ಅದು ಸಾಕು.

ಅಂಕಿ ಅಂಶ ಯಾರ ದುರುದ್ದೇಶವೂ ಇಲ್ಲದೆ ದಾರಿ ತಪ್ಪಿಸಿದ್ದೂ ಉಂಟು. 1995ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಔಷಧ ಸುರಕ್ಷಾ ಸಮಿತಿ, ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆ ಎಂದು ಎಚ್ಚರಿಸಿತು. ಅದು ನಿಜ. ಏಳು ಸಾವಿರ ಮಹಿಳೆಯರಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಇಬ್ಬರಿಗೆ ಆಗುತ್ತದೆ ಎಂಬುದೂ ಅದೇ ನಿಜದ ಇನ್ನೊಂದು ರೂಪ. ಮೊದಲ ರೂಪವನ್ನಷ್ಟೇ ಕೇಳಿ ಹೆದರಿದ ಅನೇಕರು ಮಾತ್ರೆ ಬಿಟ್ಟರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಹೆಚ್ಚುವರಿ ಗರ್ಭಪಾತಗಳಾದವು ಎಂದು ಅಂದಾಜು.

ನಮ್ಮ ಅಂಗಡಿಬೀದಿಗೆ ಬಂದರೆ ಉದಾಹರಣೆಗಳಿಗೆ ಬರವಿಲ್ಲ. ಕಡಲೆಕಾಯಿ ಎಣ್ಣೆಯ ಪ್ಯಾಕೆಟ್ ಮೇಲೆ ‘ಕೊಲೆಸ್ಟ್ರಾಲ್ ಇಲ್ಲ’ ಎಂದಿರುತ್ತದೆ. ಯಾವ ಸಸ್ಯಜನ್ಯ ಎಣ್ಣೆಯಲ್ಲೂ ಲೆಕ್ಕಕ್ಕೆ ಸಿಗುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ಪಕ್ಕದ ಪ್ಯಾಕೆಟ್ಟಿನಲ್ಲಿ ಇದೆಯೇನೋ ಎಂದು ಓದಿದವರಿಗೆ ಅನ್ನಿಸಬೇಕು, ಅಷ್ಟೇ ಉದ್ದೇಶ. ಸಾರೀಕರಿಸಿದ ರಸಕ್ಕೆ ನೀರು ಸೇರಿಸಿ ಮತ್ತೆ ಮಾಡಿದ ಪಾನೀಯಗಳ ಮೇಲೆ ‘ಶೇ. 100 ಹಣ್ಣಿನ ರಸ’ ಎಂದು ಬರೆಯುವುದನ್ನು ನಿಲ್ಲಿಸಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಜೂನ್‌ನಲ್ಲಿ ಆದೇಶಿಸಬೇಕಾಯಿತು. ಬೆಂಗಳೂರಿನ ಫ್ಲ್ಯಾಟುಗಳು ಲಿಫ್ಟು, ಮೆಟ್ಟಿಲು, ಕಾರಿಡಾರಿನ ಪಾಲನ್ನೆಲ್ಲ ಸೇರಿಸಿದ ಸೂಪರ್ ಬಿಲ್ಟಪ್ ಅಳತೆಯಲ್ಲಿ ಮಾರಾಟವಾಗುತ್ತಿದ್ದವು. 2016ರ ರೇರಾ ಕಾಯಿದೆ ಬಂದು ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ಬಳಸಲು ಸಿಗುವ ನೆಲದ ಅಳತೆಯನ್ನು, ಹೇಳಲೇಬೇಕೆಂದಿತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೂ ಮುಖ್ಯ ಮಾಹಿತಿಯನ್ನು ಬೇಕೆಂದೇ ಮರೆಮಾಚುವುದನ್ನು ದಾರಿ ತಪ್ಪಿಸುವ ಜಾಹೀರಾತಿನ ವ್ಯಾಖ್ಯೆಯೊಳಗೇ ಸೇರಿಸಿದೆ. ಮೊದಲ ಸಲ 10 ಲಕ್ಷ, ಮತ್ತೆ ಮಾಡಿದರೆ 50 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಜಾಹೀರಾತಿನ ಹೇಳಿಕೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿ, ಅದೇ ಅಕ್ಷರಶೈಲಿಯಲ್ಲಿ ಇರಬೇಕು ಎಂಬುದು 2022ರ ಮಾರ್ಗಸೂಚಿ.

ಇವೆಲ್ಲಕ್ಕಿಂತ ಹೆಚ್ಚು ಜನರ ಜೇಬಿಗೆ ತಟ್ಟುವುದು ಸಾಲದ ‘ಫ್ಲಾಟ್ ಬಡ್ಡಿ’. ಬೈಕಿಗೋ ಮನೆ ಸಾಮಾನಿಗೋ ಒಂದು ಲಕ್ಷ ಸಾಲ, ವರ್ಷಕ್ಕೆ ಶೇ. 10 ಬಡ್ಡಿ, ಮೂರು ವರ್ಷ ಎಂದುಕೊಳ್ಳಿ. ವರ್ಷಕ್ಕೆ 10,000ದಂತೆ ಬಡ್ಡಿ 30,000. ಒಟ್ಟು 1,30,000 ರೂಪಾಯಿಯನ್ನು 36 ಕಂತಿಗೆ ಹಂಚಿದರೆ ತಿಂಗಳಿಗೆ 3,611. ಲೆಕ್ಕದಲ್ಲಿ ಒಂದು ಪೈಸೆ ಸುಳ್ಳಿಲ್ಲ. ಆದರೆ ಕಂತು ಕಟ್ಟಿದ ಹಾಗೆಲ್ಲ ಅಸಲು ಕರಗುತ್ತದೆ. ಒಂದೂವರೆ ವರ್ಷಕ್ಕೆ ಅಸಲಿನ ಶೇ. 40ಕ್ಕೂ ಹೆಚ್ಚು ತೀರಿರುತ್ತದೆ, ಬಡ್ಡಿ ಮಾತ್ರ ಇಡೀ ಲಕ್ಷದ ಮೇಲೆ ಓಡುತ್ತಲೇ ಇರುತ್ತದೆ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕಿ ನೋಡಿದರೆ ಈ ಸಾಲದ ನಿಜವಾದ ದರ ಹೆಚ್ಚೂ ಕಡಿಮೆ ಶೇ. 18. ನಿಜಕ್ಕೂ ಶೇ. 10 ಆಗಿದ್ದರೆ ಕಂತು ಸುಮಾರು 3,227 ಬರುತ್ತಿತ್ತು, ಒಟ್ಟು ಬಡ್ಡಿ 16,000 ಚಿಲ್ಲರೆ. ಪ್ರೊಸೆಸಿಂಗ್ ಫೀ, ವಿಮೆಯ ಕಂತು ಸೇರಿದರೆ ದರ ಇನ್ನೂ ಏರುತ್ತದೆ. ಕೌಂಟರಿನ ಈಚೆ ನಿಂತವರಿಗೆ ಈ ಗಣಿತ ಗೊತ್ತಿರುವುದಿಲ್ಲ, ಆಚೆ ಕೂತವರಿಗೆ ಗೊತ್ತಿರುತ್ತದೆ. ಕುದುರೆ ಕೊಳ್ಳಲು ಬಂದ ಮಗಳ ಸ್ಥಿತಿ ಇದೇ.

2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮವೊಂದು ಜಾರಿಯಲ್ಲಿದೆ. ಬ್ಯಾಂಕುಗಳೂ ಹಣಕಾಸು ಕಂಪನಿಗಳೂ ಎಲ್ಲ ಚಿಲ್ಲರೆ ಸಾಲಗಳಿಗೆ, ಸಣ್ಣ ಉದ್ದಿಮೆಗಳ ಸಾಲಕ್ಕೆ ಕೆಎಫ್‌ಎಸ್ ಎಂಬ ಮುಖ್ಯ ಸಂಗತಿಗಳ ಹಾಳೆಯನ್ನು ಮೊದಲೇ ಕೊಡಬೇಕು. ಎಲ್ಲ ಶುಲ್ಕ ಸೇರಿದ ವಾರ್ಷಿಕ ದರ ಅದರಲ್ಲಿ ಎಪಿಆರ್ ಎಂಬ ಹೆಸರಿನಲ್ಲಿ ಇರಬೇಕು. ಹಾಳೆ ಸಾಲ ಪಡೆಯುವವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಅದನ್ನು ಅವರಿಗೆ ವಿವರಿಸಿ ಹೇಳಬೇಕು. ಸಾಲದ ಕಾಗದಕ್ಕೆ ಸಹಿ ಹಾಕುವ ಮುಂಚೆ ಆ ಹಾಳೆ ಕೇಳಿ. ಕನ್ನಡದಲ್ಲೇ ಕೇಳಿ. ಕೊಟ್ಟ ಮೇಲೆ ಎಪಿಆರ್ ಎದುರಿಗಿರುವ ಅಂಕಿಯನ್ನು ನೋಡಿ, ಆಮೇಲೆ ಸಹಿ ಹಾಕಿ.